ಮೂಲಬಣ್ಣಗಳಿಂದ ಬೇಕಾದ ಬಣ್ಣ ಮಾಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಂಪು, ಹಳದಿ, ನೀಲಿ. ಈ ಮೂರು ಇದ್ದರೆ ಉಳಿದ ಬಣ್ಣಗಳನ್ನೆಲ್ಲ ಮಾಡಿಕೊಳ್ಳಬಹುದು ಅಂತ ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಆದರೆ ಟ್ಯೂಬಿನಿಂದ ಕೆಂಪು, ನೀಲಿ ತೆಗೆದು ಬೆರೆಸಿದಾಗ ನೇರಳೆ ಬರುವ ಜಾಗದಲ್ಲಿ ಮಂಕಾದ ಕಂದು ಬಂದು ಕೂರುತ್ತದೆ. ಹಳದಿಗೆ ನೀಲಿ ಹಾಕಿ ಚಿಗುರಿನ ಹಸಿರಿಗೆ ಕಾದರೆ ಪಾಚಿ ಬಣ್ಣ ಸಿಗುತ್ತದೆ. ಆಗ ತುಂಬಾ ಜನ ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ರೆಡಿ ನೇರಳೆ, ರೆಡಿ ಹಸಿರು ಕೊಂಡುಬಿಡುತ್ತಾರೆ.

ಕೈಯಲ್ಲಿ ತೊಂದರೆ ಇಲ್ಲ. ನಾವು ಕಲಿತ ನಿಯಮವೇ ಅರ್ಧಕ್ಕೆ ನಿಂತಿದೆ. ಯಾವ ಕೆಂಪು, ಯಾವ ನೀಲಿ ಅನ್ನುವುದನ್ನು ಅದು ಹೇಳುವುದಿಲ್ಲ. ಟ್ಯೂಬಿನಲ್ಲಿ ಬರುವ ಪ್ರತಿಯೊಂದು ಬಣ್ಣವೂ ಪಕ್ಕದ ಯಾವುದೋ ಒಂದು ಬಣ್ಣದ ಕಡೆಗೆ ಸ್ವಲ್ಪ ವಾಲಿರುತ್ತದೆ. ಆ ವಾಲಿಕೆಯನ್ನು ಗುರುತಿಸುವುದು ಬಂದರೆ ಬಣ್ಣ ಬೆರೆಸುವ ಕೆಲಸದ ಮುಕ್ಕಾಲು ಪಾಲು ಬಂದಂತೆ. ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಬೆರೆಸಿದಾಗ ನಿಜವಾಗಿ ಆಗುವುದೇನು

ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ಹಳದಿ ಬಣ್ಣದ ಪುಡಿ ಆ ಬೆಳಕಿನಲ್ಲಿನ ನೀಲಿ ಭಾಗವನ್ನು ನುಂಗುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ನೀಲಿ ಪುಡಿ ಕೆಂಪು ಭಾಗವನ್ನು ನುಂಗುತ್ತದೆ. ಎರಡನ್ನೂ ಬೆರೆಸಿದರೆ ಎರಡೂ ತಮ್ಮ ಪಾಲನ್ನು ನುಂಗುತ್ತವೆ. ಇಬ್ಬರೂ ಬಿಟ್ಟುಕೊಟ್ಟ ಹಸಿರು ಭಾಗ ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ. ಅಂದರೆ ಬೆರೆಸುವುದು ಅಂದರೆ ಬೆಳಕನ್ನು ಕಳೆಯುತ್ತಾ ಹೋಗುವುದು. ಹೆಚ್ಚು ಹೆಚ್ಚು ಬಣ್ಣ ಸೇರಿಸಿದಷ್ಟೂ ಮಿಶ್ರಣ ಕಪ್ಪಾಗುವುದು, ಮಂಕಾಗುವುದು ಇದಕ್ಕೇ.

ಮೊಬೈಲ್ ಪರದೆಯ ಲೆಕ್ಕ ಇದರ ತಿರುವುಮುರುವು. ಅಲ್ಲಿ ಬೆಳಕಿಗೆ ಬೆಳಕು ಸೇರುತ್ತದೆ. ಕೆಂಪು ಬೆಳಕು, ಹಸಿರು ಬೆಳಕು ಸೇರಿದರೆ ಹಳದಿ ಕಾಣುತ್ತದೆ, ನೀಲಿ ಬೆಳಕೂ ಸೇರಿದರೆ ಬಿಳಿ. ಆದ್ದರಿಂದ ಪರದೆಯ ಮೇಲೆ ಕಲಿತ ಲೆಕ್ಕವನ್ನು ಪ್ಯಾಲೆಟ್ಟಿಗೆ, ಅಂದರೆ ಬಣ್ಣ ಕಲಸುವ ಹಲಗೆಗೆ, ತರಬೇಡಿ.

ಈಗ ಕೆಂಪು-ನೀಲಿಯ ಸಮಸ್ಯೆಗೆ ಬರೋಣ. ಕಿತ್ತಳೆಯ ಕಡೆ ವಾಲಿದ ಕೆಂಪು, ಉದಾಹರಣೆಗೆ ಕ್ಯಾಡ್ಮಿಯಂ ರೆಡ್, ನೀಲಿ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ನೀಲಿ ಬಣ್ಣ ಕೆಂಪು ಬೆಳಕನ್ನು ನುಂಗುತ್ತದೆ. ಎರಡೂ ಸೇರಿದ ಮೇಲೆ ಕಣ್ಣಿಗೆ ಬರಲು ಉಳಿಯುವುದೇ ಕಮ್ಮಿ. ಹಾಗಾಗಿ ಕಪ್ಪು ಮಿಶ್ರಿತ ಕಂದು ಬರುತ್ತದೆ. ಅದೇ ಜಾಗದಲ್ಲಿ ನೇರಳೆಯ ಕಡೆ ವಾಲಿದ ಕೆಂಪು, ಅಂದರೆ ಮಜೆಂಟಾ ಇದ್ದರೆ, ಅದು ಕೆಂಪಿನ ಜೊತೆ ನೀಲಿ ಬೆಳಕನ್ನೂ ಸಾಕಷ್ಟು ವಾಪಸ್ ಕೊಡುತ್ತದೆ. ಆಗ ನೇರಳೆ ನೇರಳೆಯಾಗಿಯೇ ಬರುತ್ತದೆ.

ಹಾಗಾದರೆ ಕೆಂಪು-ಹಳದಿ-ನೀಲಿ ನಿಯಮ ಸುಳ್ಳಾ? ಸುಳ್ಳಲ್ಲ, ಹಳೆಯದು. 18ನೇ ಶತಮಾನದ ಮೊದಲ ಭಾಗದಲ್ಲಿ ಯಾಕೋಬ್ ಕ್ರಿಸ್ಟೋಫ್ ಲೆ ಬ್ಲಾನ್ ಎಂಬ ಮುದ್ರಕ ನೀಲಿ, ಹಳದಿ, ಕೆಂಪು ಅಚ್ಚುಗಳನ್ನು ಒಂದರ ಮೇಲೊಂದು ಒತ್ತಿ ಬಣ್ಣದ ಚಿತ್ರ ಮುದ್ರಿಸುವುದನ್ನು ತೋರಿಸಿಕೊಟ್ಟ. ಆಗ ಸಿಗುತ್ತಿದ್ದ ಬಣ್ಣಗಳಲ್ಲಿ ಅದೇ ಒಳ್ಳೆಯ ದಾರಿ. ಚಿತ್ರಕಾರರು ಇಂದು ಬಳಸುವ, ಹಸಿರಿನತ್ತ ವಾಲಿದ ಥ್ಯಾಲೋ ಬ್ಲೂ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಬೆಳಕಿಗೆ ಮಾಸದೆ ಉಳಿಯುವ ಕ್ವಿನಾಕ್ರಿಡೋನ್ ಮಜೆಂಟಾ ಜಾತಿಯ ಬಣ್ಣಗಳು ಬಂದದ್ದು 1950ರ ದಶಕದ ಕೊನೆಯಲ್ಲಿ. ಇವು ಬಂದ ಮೇಲೆ ಮೂರೇ ಬಣ್ಣದಿಂದ ಮಾಡಬಹುದಾದ ಬಣ್ಣಗಳ ಹರವು ತುಂಬಾ ದೊಡ್ಡದಾಯಿತು. ನಿಯಮ ಮಾತ್ರ ಹಳೆಯ ಹೆಸರುಗಳಲ್ಲೇ ಉಳಿದುಕೊಂಡಿದೆ.

ಹಂತ 1: ಟ್ಯೂಬುಗಳನ್ನು ಆರಿಸುವುದು

ಎರಡು ದಾರಿ ಇದೆ.

ಮೊದಲನೆಯದು ಮೂರು ಟ್ಯೂಬ್, ಜೊತೆಗೆ ಬಿಳಿ. ಹಸಿರಿನತ್ತ ವಾಲಿದ ನೀಲಿ, ಮಜೆಂಟಾ, ತಿಳಿ ಲೆಮನ್ ಎಲ್ಲೋ. ಪ್ರಿಂಟರಿನೊಳಗೆ ಇರುವ ಸಯಾನ್, ಮಜೆಂಟಾ, ಹಳದಿ ಶಾಯಿಗಳ ಲೆಕ್ಕವೂ ಇದೇ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಆಯ್ಕೆ ಕಮ್ಮಿ ಇದ್ದರೆ ಕಣ್ಣು ಬೇಗ ಪಳಗುತ್ತದೆ.

ಎರಡನೆಯದು ಪ್ರತಿ ಮೂಲಬಣ್ಣಕ್ಕೂ ಎರಡೆರಡು, ಒಟ್ಟು ಆರು ಟ್ಯೂಬ್, ಜೊತೆಗೆ ಬಿಳಿ:

- ಹಸಿರಿನತ್ತ ವಾಲಿದ ಹಳದಿ: ಲೆಮನ್ ಎಲ್ಲೋ (ಪಿವೈ 3)
- ಕಿತ್ತಳೆಯತ್ತ ವಾಲಿದ ಹಳದಿ: ಹಾನ್ಸಾ ಎಲ್ಲೋ ಡೀಪ್ (ಪಿವೈ 65)
- ಕಿತ್ತಳೆಯತ್ತ ವಾಲಿದ ಕೆಂಪು: ಕ್ಯಾಡ್ಮಿಯಂ ರೆಡ್ ಲೈಟ್ (ಪಿಆರ್ 108)
- ನೇರಳೆಯತ್ತ ವಾಲಿದ ಕೆಂಪು: ಕ್ವಿನಾಕ್ರಿಡೋನ್ ಮಜೆಂಟಾ (ಪಿಆರ್ 122)
- ನೇರಳೆಯತ್ತ ವಾಲಿದ ನೀಲಿ: ಅಲ್ಟ್ರಾಮರೀನ್ (ಪಿಬಿ 29)
- ಹಸಿರಿನತ್ತ ವಾಲಿದ ನೀಲಿ: ಥ್ಯಾಲೋ ಬ್ಲೂ (ಪಿಬಿ 15)

ಆವರಣದಲ್ಲಿರುವುದು ಬಣ್ಣದ ಪುಡಿಯ ಕೋಡ್. ಪಿ ಅಂದರೆ ಪಿಗ್ಮೆಂಟ್, ಮುಂದಿನ ಅಕ್ಷರ ಬಣ್ಣದ ಗುಂಪು. ಒಳ್ಳೆಯ ಕಂಪನಿಗಳ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದು ಇರುತ್ತದೆ. ಮುಂದೆ ದಪ್ಪಕ್ಷರದಲ್ಲಿ ಬರೆದ ಹೆಸರಿಗಿಂತ ಈ ಕೋಡನ್ನು ನಂಬಿ. "ಕ್ಯಾಡ್ಮಿಯಂ ರೆಡ್ ಹ್ಯೂ" ಅಂತ ಬರೆದಿದ್ದರೆ ಅದರಲ್ಲಿ ಕ್ಯಾಡ್ಮಿಯಂ ಇರುವುದಿಲ್ಲ, ನೋಡಲು ಹಾಗೆ ಕಾಣುವಂತೆ ಬೇರೆ ಪುಡಿಗಳಿಂದ ಮಾಡಿರುತ್ತಾರೆ. ಅದು ಕೆಟ್ಟದ್ದು ಅಂತಲ್ಲ. ಆದರೆ ಬೆರೆಸಿದಾಗ ಅದು ನಡೆದುಕೊಳ್ಳುವ ರೀತಿ ಬೇರೆ.

ಇನ್ನೊಂದು ಮಾತು. ಒಂದೇ ಕೋಡ್ ಇರುವ ಟ್ಯೂಬನ್ನೇ ಆರಿಸಿ. ಮೂರು ಕೋಡ್ ಇದ್ದರೆ ಅದು ಆಗಲೇ ಮಿಶ್ರಣವಾದ ಬಣ್ಣ. ಅಂಥ ಎರಡನ್ನು ಬೆರೆಸಿದರೆ ಪ್ಯಾಲೆಟ್ ಮೇಲೆ ಒಟ್ಟು ಆರು ಪುಡಿ ಸೇರಿದವು. ಮಂಕಾಗದೆ ಇನ್ನೇನಾಗುತ್ತದೆ?

ಹಂತ 2: ನಿಮ್ಮ ಬಣ್ಣ ಯಾವ ಕಡೆ ವಾಲಿದೆ ಅಂತ ನೋಡುವುದು

ಕೋಡ್ ಇಲ್ಲದ ಬಣ್ಣ ಇದ್ದರೂ ಚಿಂತೆಯಿಲ್ಲ. ಕಣ್ಣಿನಿಂದಲೇ ಪತ್ತೆ ಮಾಡಬಹುದು. ಬಿಳಿ ಕಾಗದದ ಮೇಲೆ ಬಣ್ಣವನ್ನು ತೆಳ್ಳಗೆ ಎಳೆಯಿರಿ. ಅದರ ಪಕ್ಕದಲ್ಲಿ ಅದೇ ಬಣ್ಣಕ್ಕೆ ಬಿಳಿ ಸೇರಿಸಿ ಇನ್ನೊಂದು ಗೆರೆ ಎಳೆಯಿರಿ. ಟ್ಯೂಬಿನಿಂದ ನೇರ ತೆಗೆದ ಗಾಢ ನೀಲಿಗಳೆಲ್ಲ ಒಂದೇ ಥರ ಕಾಣುತ್ತವೆ. ತೆಳುವಾದಾಗ, ಬಿಳಿ ಬೆರೆತಾಗ ಅವುಗಳ ಒಳಗುಣ ಹೊರಗೆ ಬರುತ್ತದೆ. ಅಲ್ಟ್ರಾಮರೀನಿಗೆ ಬಿಳಿ ಹಾಕಿದರೆ ಒಂದು ಚೂರು ನೇರಳೆಯ ಛಾಯೆ ಕಾಣುತ್ತದೆ. ಥ್ಯಾಲೋ ಬ್ಲೂಗೆ ಹಾಕಿದರೆ ಹಸಿರು ಮಿಶ್ರಿತ ಆಕಾಶ ನೀಲಿ ಬರುತ್ತದೆ.

ಒಂದೇ ಬಣ್ಣವನ್ನು ಒಂಟಿಯಾಗಿ ನೋಡಬೇಡಿ. ಇರುವ ಎಲ್ಲ ನೀಲಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೋಲಿಸಿದಾಗ ಮಾತ್ರ ವಾಲಿಕೆ ಕಾಣುವುದು. ಕೆಂಪಿಗೂ ಹಳದಿಗೂ ಇದೇ ಕ್ರಮ.

ನಿಯಮ ಒಂದೇ: ಮಾಡಬೇಕಾದ ಬಣ್ಣದ ಕಡೆಗೇ ಎರಡೂ ವಾಲಿದ್ದರೆ ಮಿಶ್ರಣ ಹೊಳೆಯುತ್ತದೆ. ಒಂದು ಮಾತ್ರ ಆ ಕಡೆ ವಾಲಿ, ಇನ್ನೊಂದು ಅದರಿಂದ ದೂರ ವಾಲಿದ್ದರೆ ಸ್ವಲ್ಪ ಮಂಕಾಗುತ್ತದೆ. ಎರಡೂ ಅದರಿಂದ ದೂರ ವಾಲಿದ್ದರೆ ಮೂರನೇ ಮೂಲಬಣ್ಣ ಕದ್ದು ಒಳಗೆ ಬಂದಂತೆ. ಆಗ ಕಂದು, ಬೂದು ಬರುತ್ತದೆ.

ಹಂತ 3: ಬೆರೆಸುವ ಕ್ರಮ

ತಿಳಿ ಬಣ್ಣವನ್ನು ಮೊದಲು ಹಾಕಿಕೊಳ್ಳಿ. ಗಾಢ ಬಣ್ಣವನ್ನು ಅದಕ್ಕೆ ಚೂರು ಚೂರಾಗಿ ಸೇರಿಸಿ. ಹಸಿರು ಬೇಕಾದರೆ ಹಳದಿಗೆ ನೀಲಿ. ಗುಲಾಬಿ ಬೇಕಾದರೆ ಬಿಳಿಗೆ ಕೆಂಪು. ಇದನ್ನು ತಿರುಗಿಸಿ ಮಾಡಿದರೆ, ನೀಲಿಯನ್ನು ಹಸಿರು ಮಾಡಲು ಹಳದಿ ಸುರಿಯುತ್ತಲೇ ಇರಬೇಕಾಗುತ್ತದೆ. ಕೊನೆಗೆ ಬೇಕಾದದ್ದಕ್ಕಿಂತ ಹತ್ತು ಪಟ್ಟು ಬಣ್ಣ ಕಲಸಿರುತ್ತೀರಿ.

ಬಣ್ಣಗಳ ಬಲ ಒಂದೇ ಸಮ ಇರುವುದಿಲ್ಲ. ಥ್ಯಾಲೋ ಬ್ಲೂ ತುಂಬಾ ಬಲವಾದದ್ದು. ಹತ್ತು ಪಾಲು ಹಳದಿಗೆ ಒಂದು ಪಾಲು ಹಾಕಿದರೂ ನೀಲಿಯೇ ಮುಂದೆ ಬರುತ್ತದೆ. ಅಲ್ಟ್ರಾಮರೀನ್ ಅಷ್ಟು ಜೋರಿಲ್ಲ. ಹಾಗಾಗಿ "ಎರಡು ಪಾಲು ಇದು, ಒಂದು ಪಾಲು ಅದು" ಅನ್ನುವ ರೆಸಿಪಿಗಳನ್ನು ಅಕ್ಷರಶಃ ಪಾಲಿಸಬೇಡಿ. ಅಡುಗೆಗೆ ಉಪ್ಪು ಹಾಕುವ ಹಾಗೆ, ಚಿಟಿಕೆ ಹಾಕಿ, ಕಲಸಿ, ನೋಡಿ, ಆಮೇಲೆ ಇನ್ನೊಂದು ಚಿಟಿಕೆ.

ಅಕ್ರಿಲಿಕ್, ಆಯಿಲ್ ಬಣ್ಣಗಳನ್ನು ಬೆರೆಸಲು ಪ್ಯಾಲೆಟ್ ನೈಫ್ ಬಳಸಿ. ಬ್ರಶ್ಶಿನ ಬುಡದಲ್ಲಿ ಹಳೆಯ ಬಣ್ಣ ಅಡಗಿರುತ್ತದೆ, ಬೆರೆಸುವಾಗ ಅದು ಇಳಿದು ಬರುತ್ತದೆ. ನೈಫನ್ನು ಒಂದು ಬಟ್ಟೆಯಲ್ಲಿ ಒರೆಸಿದರೆ ಸಾಕು, ಪೂರ್ತಿ ಸ್ವಚ್ಛ. ವಾಟರ್ ಕಲರ್ ಆದರೆ ಎರಡು ಲೋಟ ನೀರು ಇಟ್ಟುಕೊಳ್ಳಿ. ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣ ತೆಳು ಮಾಡಲು. ತುಂಬಾ ಸಲ ಬಣ್ಣ ಮಂಕಾಗುವುದು ಬೆರೆಸಿದ್ದರಿಂದ ಅಲ್ಲ, ಕೊಳೆ ನೀರಿನಿಂದ.

ಹಂತ 4: ಹಸಿರು

ಎಲ್ಲಕ್ಕಿಂತ ಜಾಸ್ತಿ ಅಭ್ಯಾಸ ಬೇಡುವುದು ಹಸಿರು. ಒಂದು ಗಿಡದಲ್ಲೇ ಹತ್ತು ಹಸಿರು ಇರುತ್ತವೆ, ಅಲ್ವಾ? ಅದನ್ನೆಲ್ಲ ಒಂದೇ ಟ್ಯೂಬಿನ ಹಸಿರಿನಿಂದ ತುಂಬಿದರೆ ಚಿತ್ರ ಪ್ಲಾಸ್ಟಿಕ್ಕಿನ ಗಿಡದಂತೆ ಕಾಣುತ್ತದೆ.

ಲೆಮನ್ ಎಲ್ಲೋಗೆ ಒಂದು ಚೂರು ಥ್ಯಾಲೋ ಬ್ಲೂ ಸೇರಿಸಿ. ಬಿಸಿಲು ಬಿದ್ದ ಚಿಗುರೆಲೆಯ ಹಸಿರು ಸಿಗುತ್ತದೆ. ಎರಡೂ ಹಸಿರಿನ ಕಡೆಗೇ ವಾಲಿವೆ, ಕೆಂಪಿನ ಸುಳಿವೇ ಇಲ್ಲ. ಈಗ ನೀಲಿಯನ್ನು ಮಾತ್ರ ಬದಲಾಯಿಸಿ: ಲೆಮನ್ ಎಲ್ಲೋಗೆ ಅಲ್ಟ್ರಾಮರೀನ್. ಹಸಿರು ಸ್ವಲ್ಪ ಶಾಂತವಾಯಿತು, ದೂರದ ಮರಗಳಿಗೆ ಒಪ್ಪುತ್ತದೆ. ಕೊನೆಗೆ ಎರಡನ್ನೂ ಬದಲಾಯಿಸಿ: ಕಿತ್ತಳೆಯತ್ತ ವಾಲಿದ ಹಳದಿಗೆ ಅಲ್ಟ್ರಾಮರೀನ್. ಹಳದಿಯೊಳಗೂ ಕೆಂಪಿನ ಅಂಶ, ನೀಲಿಯೊಳಗೂ ಕೆಂಪಿನ ಅಂಶ. ಬರುವುದು ಆಲಿವ್ ಹಸಿರು, ಪಾಚಿ ಹಸಿರು. ಮೊದಲ ಸಲ ನೋಡಿದವರಿಗೆ ಇದು ತಪ್ಪು ಬಣ್ಣ ಅನ್ನಿಸಬಹುದು. ಆದರೆ ಒಣಗಿದ ಹುಲ್ಲು, ಬಲಿತ ಎಲೆ, ಮರದ ನೆರಳು ಎಲ್ಲ ಇದರಲ್ಲೇ ಇದೆ. ನನಗಂತೂ ನಾಲ್ಕು ಹಸಿರಲ್ಲಿ ಅತ್ಯಂತ ಉಪಯೋಗಕ್ಕೆ ಬರುವುದು ಇದೇ. ನಾಲ್ಕನೆಯ ಜೋಡಿ, ಕಿತ್ತಳೆಯತ್ತ ವಾಲಿದ ಗಾಢ ಹಳದಿಗೆ ಥ್ಯಾಲೋ ಬ್ಲೂ, ಹುಲ್ಲುಗಾವಲಿನ ದಟ್ಟ ಹಸಿರು ಕೊಡುತ್ತದೆ.

ಯಾವ ಹಸಿರಾದರೂ ಕಣ್ಣಿಗೆ ಹೊಡೆಯುವಂತಿದ್ದರೆ ಒಂದು ಚುಕ್ಕೆ ಕೆಂಪು ಸೇರಿಸಿ. ಆಟಿಕೆಯ ಹಸಿರು ಕೂಡಲೇ ಗಿಡದ ಹಸಿರಾಗುತ್ತದೆ.

ಹಂತ 5: ಕಿತ್ತಳೆ ಮತ್ತು ನೇರಳೆ

ಕಿತ್ತಳೆ ಸುಲಭ. ಗಾಢ ಹಳದಿಗೆ ಕ್ಯಾಡ್ಮಿಯಂ ರೆಡ್ ಸೇರಿಸಿದರೆ ಆಯಿತು. ಮೂರೇ ಟ್ಯೂಬ್ ಇರುವವರು ಹಳದಿಗೆ ಮಜೆಂಟಾ ಸೇರಿಸುತ್ತಾ ಹೋಗಲಿ. ಮೊದಲು ಕಿತ್ತಳೆ, ಆಮೇಲೆ ಪಕ್ಕಾ ಕೆಂಪು ಬರುತ್ತದೆ. ಕೆಂಪನ್ನೂ ಬೆರೆಸಿ ಮಾಡಬಹುದು ಅನ್ನುವುದು ಇಲ್ಲಿ ಕಣ್ಣಾರೆ ಕಾಣುತ್ತದೆ.

ನೇರಳೆಗೆ ಮಜೆಂಟಾ ಮತ್ತು ಅಲ್ಟ್ರಾಮರೀನ್ ಬೇಕು. ಎರಡೂ ನೇರಳೆಯತ್ತ ವಾಲಿವೆ. ಮಜೆಂಟಾ ಜಾಸ್ತಿ ಹಾಕಿದರೆ ಕೆಂಪು ನೇರಳೆ, ಅಲ್ಟ್ರಾಮರೀನ್ ಜಾಸ್ತಿ ಆದರೆ ಊದಾ. ನೇರಳೆಯ ಮಿಶ್ರಣ ಪ್ಯಾಲೆಟ್ ಮೇಲೆ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಹಾಳಾಯಿತು ಅಂತ ಚೆಲ್ಲಬೇಡಿ. ಒಂದು ಮೂಲೆಯಲ್ಲಿ ಸ್ವಲ್ಪ ಬಿಳಿ ಅಥವಾ ನೀರು ಸೇರಿಸಿ ನೋಡಿ, ಒಳಗಿರುವ ಬಣ್ಣ ತಿಳಿಯುತ್ತದೆ. ನೇರಳೆಗೆ ಹಳದಿ ಮಾತ್ರ ತಾಗಿಸಬೇಡಿ. ಬ್ರಶ್ಶಿನಲ್ಲಿ ಉಳಿದ ಒಂದು ಹನಿ ಹಳದಿ ಸಾಕು, ನೇರಳೆ ಸತ್ತುಹೋಗುತ್ತದೆ.

ಹಂತ 6: ಕಂದು, ಬೂದು, ಕಪ್ಪು

ಈಗ ಮಂಕು ಬಣ್ಣಗಳನ್ನು ಬೇಕೆಂದೇ ಮಾಡುವ ಸರದಿ. ಸುತ್ತ ಒಮ್ಮೆ ನೋಡಿ. ಗೋಡೆ, ನೆಲ, ಮಣ್ಣು, ಮೋಡ, ಕಲ್ಲು, ತೊಗಟೆ. ಟ್ಯೂಬಿನಿಂದ ಬಂದಂತೆ ಹೊಳೆಯುವ ಬಣ್ಣ ಎಷ್ಟು ಕಮ್ಮಿ! ಒಳ್ಳೆಯ ಚಿತ್ರದ ಬಹುಭಾಗ ಈ ಮಂಕು ಬಣ್ಣಗಳೇ.

ಬಣ್ಣಚಕ್ರದಲ್ಲಿ, ಅಂದರೆ ಬಣ್ಣಗಳನ್ನು ಸುತ್ತಲೂ ಜೋಡಿಸಿದ ವೃತ್ತದಲ್ಲಿ, ಎದುರುಬದುರು ಇರುವ ಜೋಡಿಗಳು ಒಂದನ್ನೊಂದು ಮಂಕಾಗಿಸುತ್ತವೆ. ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ. ಯಾವುದೇ ಜೋಡಿ ತೆಗೆದುಕೊಂಡರೂ ಒಳಗೆ ಮೂರು ಮೂಲಬಣ್ಣಗಳೂ ಇರುತ್ತವೆ, ಅದಕ್ಕೇ ಬಣ್ಣ ಆರಿಹೋಗುವುದು.

ಕಂದು ಅಂದರೆ ಗಾಢವಾಗಿ ಮಂಕಾದ ಕಿತ್ತಳೆ. ಮೊದಲು ಕಿತ್ತಳೆ ಮಾಡಿ, ಅದಕ್ಕೆ ಅಲ್ಟ್ರಾಮರೀನ್ ಚೂರು ಚೂರಾಗಿ ಸೇರಿಸಿ. ಮೊದಲು ಇಟ್ಟಿಗೆ ಬಣ್ಣ, ಆಮೇಲೆ ಕಂದು, ಇನ್ನೂ ಹಾಕಿದರೆ ಕಡುಗಂದು, ಕೊನೆಗೆ ಕಪ್ಪಿನ ಹತ್ತಿರ. ಆ ಕೊನೆಯದಕ್ಕೆ ಬಿಳಿ ಹಾಕಿದರೆ ಬೂದು ಬರುತ್ತದೆ. ಬೂದು ತೀರಾ ಬೆಚ್ಚಗೆ, ಅಂದರೆ ಕಿತ್ತಳೆಯತ್ತ ವಾಲಿದಂತೆ ಕಂಡರೆ ನೀಲಿ ಸೇರಿಸಿ, ತೀರಾ ತಣ್ಣಗೆ, ಅಂದರೆ ನೀಲಿಯತ್ತ ವಾಲಿದಂತೆ ಕಂಡರೆ ಕಿತ್ತಳೆ. ಬರ್ಂಟ್ ಸಿಯೆನ್ನಾ ಟ್ಯೂಬ್ ಇದ್ದರೆ ಕೆಲಸ ಇನ್ನೂ ಸಲೀಸು. ಅದು ಸಿದ್ಧ ಮಂಕು ಕಿತ್ತಳೆ. ಅದಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಮೋಡದ ಬೂದಿನಿಂದ ಹಿಡಿದು ಕಪ್ಪಿನವರೆಗೆ ಎಲ್ಲವೂ ಸಿಗುತ್ತದೆ.

ಟ್ಯೂಬಿನ ಕಪ್ಪನ್ನು ಬಳಸಲೇಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಆದರೆ ಕಪ್ಪು ಸುಮ್ನೆ ಗಾಢ ಮಾಡುವ ಬಣ್ಣ ಅಂದುಕೊಳ್ಳಬೇಡಿ. ಅದು ಒಂದು ಮಂಕು ನೀಲಿಯ ಹಾಗೆ ನಡೆದುಕೊಳ್ಳುತ್ತದೆ. ಹಳದಿಗೆ ಕಪ್ಪು ಸೇರಿಸಿ ನೋಡಿ, ಗಾಢ ಹಳದಿ ಬರುವುದಿಲ್ಲ, ಆಲಿವ್ ಹಸಿರು ಬರುತ್ತದೆ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝಾರ್ನ್ (1860–1920) ಇದನ್ನೇ ಬಳಸಿಕೊಂಡ. ಬಿಳಿ, ಎಲ್ಲೋ ಓಕರ್, ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್, ಈ ನಾಲ್ಕರ ಪ್ಯಾಲೆಟ್ ಅವನ ಹೆಸರಿನಿಂದಲೇ ಗುರುತಾಗಿದೆ. ಅದರಲ್ಲಿ ನೀಲಿಯ ಕೆಲಸವನ್ನು ಕಪ್ಪು ಮಾಡುತ್ತದೆ. ಮುಖಗಳನ್ನು ಬಿಡಿಸುವವರು ಈಗಲೂ ಇದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತಾರೆ.

ಹಳದಿಯನ್ನು ಗಾಢ ಮಾಡಬೇಕಾದರೆ ಕಪ್ಪಿಗಿಂತ ಕಂದು ಒಳ್ಳೆಯದು. ಕೆಂಪಿಗೆ ಒಂದು ಚೂರು ಹಸಿರು. ನೀಲಿಗೆ ಒಂದು ಚೂರು ಕಂದು.

ಹಂತ 7: ಬಿಳಿಯ ಲೆಕ್ಕ

ಬಿಳಿ ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ, ಜೊತೆಗೆ ತಣ್ಣಗೂ ಮಬ್ಬಾಗಿಯೂ ಆಗುತ್ತದೆ. ಕೆಂಪಿಗೆ ಬಿಳಿ ಹಾಕಿದರೆ ತಿಳಿ ಕೆಂಪು ಬರುವುದಿಲ್ಲ, ಗುಲಾಬಿ ಬರುತ್ತದೆ. ಬಿಸಿಲು ಬಿದ್ದ ಕೆಂಪು ಬಟ್ಟೆ ಬಿಡಿಸಬೇಕಾದರೆ ಬಿಳಿಯ ಜೊತೆ ಸ್ವಲ್ಪ ಹಳದಿಯೂ ಬೇಕು. ಹಸಿರನ್ನು ಬೆಳಗಿಸಲು ಬಿಳಿಗಿಂತ ಮೊದಲು ಲೆಮನ್ ಎಲ್ಲೋ ಹಾಕಿ ನೋಡಿ. ಟೈಟೇನಿಯಂ ವೈಟ್ ತುಂಬಾ ಬಲವಾಗಿ ಮುಚ್ಚುತ್ತದೆ, ಝಿಂಕ್ ವೈಟ್ ಮೆತ್ತಗಿದೆ, ಛಾಯೆಗಳನ್ನು ನಿಧಾನವಾಗಿ ತಿಳಿ ಮಾಡಲು ಅನುಕೂಲ. ವಾಟರ್ ಕಲರಿನಲ್ಲಿ ಬಿಳಿಯ ಕೆಲಸವನ್ನು ಕಾಗದವೇ ಮಾಡುತ್ತದೆ, ನೀರು ಹೆಚ್ಚಿಸಿದರೆ ಸಾಕು.

ಮನುಷ್ಯರ ಮೈಬಣ್ಣವೂ ಈ ಲೆಕ್ಕದೊಳಗೇ ಬರುತ್ತದೆ. ಯಾರ ಮೈಬಣ್ಣವಾದರೂ ಮೂಲದಲ್ಲಿ ಮಂಕಾದ ಕಿತ್ತಳೆಯೇ. ಹಳದಿ, ಕೆಂಪು ಬೆರೆಸಿ ಕಿತ್ತಳೆ ಮಾಡಿ, ಒಂದು ಚೂರು ನೀಲಿಯಿಂದ ತಣ್ಣಗಾಗಿಸಿ. ತಿಳಿ ಮೈಬಣ್ಣಕ್ಕೆ ಬಿಳಿ ಸೇರಿಸಿ. ಕಪ್ಪು ಮೈಬಣ್ಣಕ್ಕೆ ಬಿಳಿ ಬೇಡ, ಅಲ್ಟ್ರಾಮರೀನ್ ಮತ್ತು ಕೆಂಪು ಹೆಚ್ಚಿಸಿ. ಕಪ್ಪು ಟ್ಯೂಬ್ ಸುರಿದರೆ ಮುಖ ಬೂದಿ ಬಳಿದಂತೆ ಜೀವ ಕಳೆದುಕೊಳ್ಳುತ್ತದೆ. ಮುಖದ ಎಲ್ಲ ಭಾಗವೂ ಒಂದೇ ಬಣ್ಣ ಅಲ್ಲ. ಕೆನ್ನೆ, ಮೂಗು, ಕಿವಿಯಲ್ಲಿ ಕೆಂಪು ಜಾಸ್ತಿ ಇರುತ್ತದೆ.

ಹಂತ 8: ಕಂಡ ಬಣ್ಣವನ್ನು ಹಾಗೇ ತರುವುದು

ಎದುರಿಗಿರುವ ಬಣ್ಣವನ್ನು ನೋಡಿ ಮೂರು ಪ್ರಶ್ನೆ ಕೇಳಿಕೊಳ್ಳಿ, ಇದೇ ಕ್ರಮದಲ್ಲಿ. ಇದು ಯಾವ ಬಣ್ಣದ ಕುಟುಂಬ? ಎಷ್ಟು ತಿಳಿ, ಎಷ್ಟು ಗಾಢ? ಎಷ್ಟು ಹೊಳಪು, ಎಷ್ಟು ಮಂಕು? ಕುಟುಂಬ ಗೊತ್ತಾದರೆ ಯಾವ ಎರಡು ಟ್ಯೂಬ್ ಅಂತ ಗೊತ್ತಾಯಿತು. ಎರಡನೆಯದು ಬಿಳಿ ಅಥವಾ ಗಾಢ ಬಣ್ಣದ ಪ್ರಮಾಣ ಹೇಳುತ್ತದೆ. ಮೂರನೆಯದು ಎದುರು ಬಣ್ಣ ಎಷ್ಟು ಬೇಕು ಅಂತ ಹೇಳುತ್ತದೆ. ಹೊಸಬರು ಬಹಳ ಸಲ ಎಡವುವುದು ಎರಡನೇ ಪ್ರಶ್ನೆಯಲ್ಲಿ. ಬಣ್ಣ ಸರಿಯಾಗಿಯೇ ಇರುತ್ತದೆ, ತಿಳಿ-ಗಾಢದ ಅಳತೆ ತಪ್ಪಿರುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಆ ವ್ಯತ್ಯಾಸ ಬೇಗ ಕಾಣುತ್ತದೆ.

ನಮ್ಮ ಕಣ್ಣು ಬಣ್ಣವನ್ನು ಒಂಟಿಯಾಗಿ ನೋಡುವುದೇ ಇಲ್ಲ ಅನ್ನುವುದನ್ನೂ ನೆನಪಿಡಬೇಕು. ಫ್ರಾನ್ಸಿನ ಗೊಬೆಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ದಾರಕ್ಕೆ ಗಾಢತೆ ಸಾಲದು ಅನ್ನುವ ದೂರು ಬಂದಿತ್ತು. ಅಲ್ಲಿನ ರಸಾಯನ ವಿಜ್ಞಾನಿ ಮಿಷೆಲ್ ಯೂಜೀನ್ ಶೆವ್ರೊಲ್ ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ದಾರಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. ಈ ವಿಷಯದ ಮೇಲೆ ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ನಿಮ್ಮ ಪ್ಯಾಲೆಟ್ ಮೇಲೂ ಇದೇ ಆಗುತ್ತದೆ. ಬಿಳಿ ಪ್ಯಾಲೆಟ್ ಮೇಲೆ ಎಲ್ಲ ಮಿಶ್ರಣವೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ.

ಇದಕ್ಕೊಂದು ಸುಲಭ ಉಪಾಯ ಇದೆ. ಬೂದು ಬಣ್ಣದ ರಟ್ಟಿನಲ್ಲಿ ಪೆನ್ಸಿಲ್ ದಪ್ಪದ ತೂತು ಮಾಡಿ. ಅದರ ಮೂಲಕ ಎದುರಿನ ವಸ್ತುವನ್ನು ನೋಡಿ. ಸುತ್ತಲಿನ ಬಣ್ಣಗಳ ಪ್ರಭಾವ ಹೋಗಿ ಆ ಒಂದು ಬಣ್ಣ ಮಾತ್ರ ಕಾಣುತ್ತದೆ. ಬೆರೆಸಿದ ಬಣ್ಣವನ್ನು ತೂತಿನ ಅಂಚಿಗೆ ಸ್ವಲ್ಪ ಹಚ್ಚಿ ಹೋಲಿಸಿ. ಎರಡೂ ಸೇರಿಹೋದರೆ ಬಣ್ಣ ಸಿಕ್ಕಿದಂತೆ.

ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಕ್ರಿಲಿಕ್ ಒಣಗಿದಾಗ ಗಾಢವಾಗುತ್ತದೆ, ಯಾಕಂದರೆ ಅದರೊಳಗಿನ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ವಾಟರ್ ಕಲರ್ ಒಣಗಿದರೆ ತಿಳಿಯಾಗುತ್ತದೆ. ಚಿತ್ರಕ್ಕೆ ಹಚ್ಚುವ ಮೊದಲು ಅದೇ ಥರದ ಕಾಗದದ ಚೂರಿನ ಮೇಲೆ ಹಚ್ಚಿ, ಒಣಗಲು ಬಿಟ್ಟು ನೋಡಿ. ದೊಡ್ಡ ಜಾಗ ತುಂಬುವುದಿದ್ದರೆ ಬೇಕು ಅನ್ನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಲಸಿ. ಅರ್ಧದಲ್ಲಿ ಮುಗಿದುಹೋದರೆ ಅದೇ ಬಣ್ಣವನ್ನು ಮತ್ತೆ ತರುವುದು ಬಹಳ ಕಷ್ಟ.

ಹಂತ 9: ನಿಮ್ಮದೇ ಬಣ್ಣಪಟ್ಟಿ

ದಪ್ಪ ಕಾಗದದ ಮೇಲೆ ಆರು ಸಾಲು, ಆರು ಕಂಬಗಳ ಚೌಕ ಹಾಕಿ. ಮೇಲೂ ಎಡಕ್ಕೂ ಆರು ಬಣ್ಣಗಳ ಹೆಸರು ಬರೆಯಿರಿ. ಎರಡು ಸೇರುವ ಮನೆಯಲ್ಲಿ ಅವೆರಡರ ಮಿಶ್ರಣ ತುಂಬಿ. ಪ್ರತಿ ಜೋಡಿಗೂ ಎರಡು ಮನೆ ಸಿಗುತ್ತದೆ. ಒಂದರಲ್ಲಿ ನೇರ ಮಿಶ್ರಣ, ಇನ್ನೊಂದರಲ್ಲಿ ಅದಕ್ಕೇ ಬಿಳಿ ಸೇರಿಸಿದ್ದು. ಮೂರೇ ಟ್ಯೂಬ್ ಇರುವವರು ಪ್ರತಿ ಜೋಡಿಗೂ ಒಂದು ಉದ್ದ ಪಟ್ಟಿ ಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಏಳೆಂಟು ಮೆಟ್ಟಿಲಲ್ಲಿ ಬಣ್ಣ ಬದಲಾಗುವಂತೆ ತುಂಬಲಿ. ಮಿಶ್ರಣದ ಪಕ್ಕದಲ್ಲಿ ಯಾವ ಟ್ಯೂಬ್, ಯಾವ ಕಂಪನಿ ಅಂತ ಆಗಲೇ ಬರೆದಿಡಿ. ಆಮೇಲೆ ನೆನಪಿರುವುದಿಲ್ಲ. ಕೊಂಡುತಂದ ಬಣ್ಣಚಕ್ರ ಇದರ ಹತ್ತಿರಕ್ಕೂ ಬರುವುದಿಲ್ಲ, ಯಾಕಂದರೆ ಅದು ನಿಮ್ಮ ಟ್ಯೂಬಿನ ಬಣ್ಣಗಳನ್ನು ತೋರಿಸುವುದಿಲ್ಲ.

ಕೊನೆಯದಾಗಿ ಸುರಕ್ಷತೆ. ಕ್ಯಾಡ್ಮಿಯಂ (ವಿಷಕಾರಿ ಲೋಹ) ಇರುವ ಬಣ್ಣಗಳನ್ನು ಬಾಯಿಗೆ ತಾಗಿಸಬೇಡಿ, ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಬಿಡಿ. ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ, ಸ್ಪ್ರೇ ಮಾಡಬೇಡಿ. ಮಕ್ಕಳ ಜೊತೆ ಕೂತು ಬೆರೆಸುವುದಾದರೆ ಕ್ಯಾಡ್ಮಿಯಂ ಇಲ್ಲದ, ಮಕ್ಕಳಿಗೆಂದೇ ಮಾಡಿದ ಬಣ್ಣ ತನ್ನಿ. ಕೆಲಸ ಮುಗಿದ ಮೇಲೆ ಪ್ಯಾಲೆಟ್ಟಿನಲ್ಲಿ ಉಳಿದ ಅಕ್ರಿಲಿಕ್ಕನ್ನು ಸಿಂಕಿಗೆ ಬಿಡದೆ ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಪ್ಯಾಲೆಟ್ ತೊಳೆಯಿರಿ.